ಮಂತ್ರಿಗಳ ಮೊಣಕಾಲು

ತಾಲ್ಲೂಕು ಆಸ್ಪತ್ರೆಯಲ್ಲಿ ಮೂರು ವರ್ಷದಿಂದ ಡಾಕ್ಟರಿಲ್ಲ. ಬದಲಿಗೆ ಸರ್ಕಾರ ನೋವು ಹೊರುವವರನ್ನು ಗುತ್ತಿಗೆಯ ಮೇಲೆ ನೇಮಿಸಿತ್ತು. ರೋಗಿ ಕೈಹಿಡಿದರೆ ಸಾಕು, ಅವನ ನೋವು ಹಾಗೆ ನೇಮಕಗೊಂಡಿದ್ದ ಬಾಳವ್ವನ ಮೈಗೆ ಬರುತ್ತಿತ್ತು. ಸಂಜೆ ಐದಕ್ಕೆ ಅವಳು ಹಾಜರಾತಿ ಯಂತ್ರಕ್ಕೆ ಹೆಬ್ಬೆಟ್ಟೊತ್ತಿ ಮನೆಗೆ ಹೊರಟಳೆಂದರೆ ಅವರವರ ನೋವು ಅವರವರಿಗೇ ವಾಪಸ್ಸು. ರೋಗ ಮಾತ್ರ ಇದ್ದಲ್ಲೇ ಇರುತ್ತಿತ್ತು. ಇದಕ್ಕೆ ಸರ್ಕಾರ ಇಟ್ಟ ಹೆಸರು ಸುಧಾರಣೆ.

ಇಂದು ನೋವು ಹೊರುವ ಎರಡನೇ ಕೌಂಟರಿನ ಉದ್ಘಾಟನೆ. ಮೂರು ತಾಸು ತಡವಾಗಿ ಬಂದ ಆರೋಗ್ಯ ಮಂತ್ರಿಗಳು, ಸಾಲಿನಲ್ಲಿದ್ದ ತುಂಬು ಗರ್ಭಿಣಿಯನ್ನು ಹಿಂದೆ ಸರಿಸಿ, ತಮ್ಮ ಮೊಣಕಾಲು ನೋವನ್ನು ಬಾಳವ್ವನಿಗೆ ದಾಟಿಸಿ, ಚಿಗರೆಯಂತೆ ವೇದಿಕೆ ಹತ್ತಿದರು.

ಐದಾಯಿತು. ಬಾಳವ್ವ ಕುಂಟುತ್ತ ಯಂತ್ರದ ಬಳಿ ಬಂದಳು. ಆಸ್ಪತ್ರೆಯ ಆಡಳಿತಾಧಿಕಾರಿ ಓಡಿಬಂದು ಅಡ್ಡ ನಿಂತರು.

"ಭಾಷಣ ಮುಗಿಯೂತನಕ ತಡಕೋ ಬಾಳವ್ವ. ಹತ್ತೇ ನಿಮಿಷ."

"ಡಾಕ್ಟರ್ ಬರೂತನಕ ತಡಕೋ ಅಂತ ಮೂರು ವರ್ಷದಿಂದ ಹೇಳಾಕತ್ತೀರಿ ಸಾಹೇಬ್ರ. ಸರೀರಿ ಆಕಡೆ."

ಮೈಕು ಗುಡುಗುತ್ತಿತ್ತು: "ಇನ್ನು ಮುಂದೆ ಈ ರಾಜ್ಯದಲ್ಲಿ ನೋವು ಅನ್ನೋದೇ..."

ಬಾಳವ್ವ ಹೆಬ್ಬೆಟ್ಟೊತ್ತಿದಳು.

"ಅಯ್ಯಯ್ಯೋ!" ಎಂದು ಮಂತ್ರಿಗಳು ಅದೇ ಮೈಕಿನಲ್ಲಿ ಕೂಗಿದರು. "ಡಾಕ್ಟರ್ ಎಲ್ಲಿ? ಯಾರಾದ್ರೂ ಡಾಕ್ಟರನ್ನ ಕರೀರಿ!"

ಆಗಷ್ಟೇ ತಮ್ಮ ನೋವು ಮರಳಿ ಪಡೆದಿದ್ದ ರೋಗಿಗಳೆಲ್ಲ ಆ ಮಾತಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು.