ನಡಾವಳಿಗೆ ಸೇರಿದ ಮಾತು

"ನಿಲ್ಸಿ. ಆ ಸಾಲು ಇನ್ನೊಂದ್ಸಲ ಓದಿ" ಎಂದರು ಪುರಸಭೆಯ ಅಧ್ಯಕ್ಷರು.

ಶೀಘ್ರಲಿಪಿಗಾರ್ತಿ ಓದು ನಿಲ್ಲಿಸಿದಳು. ಪ್ರತಿ ತಿಂಗಳ ಸಭೆ ಶುರುವಾಗುವುದೇ ಅವಳ ಓದಿನಿಂದ. ಹೋದ ತಿಂಗಳು ಯಾರು ಏನು ಹೇಳಿದರೆಂಬ ನಡಾವಳಿಯನ್ನು ಅವಳು ಒಂದೇ ಉಸಿರಿಗೆ ಓದಬೇಕು. ಸದಸ್ಯರು ಅಷ್ಟು ಹೊತ್ತು ಚಹಾ ಹೀರುತ್ತ ಮೊಬೈಲು ನೋಡುತ್ತಿರುತ್ತಾರೆ. ಕೊನೆಗೆ ಯಾರಾದರೊಬ್ಬರು "ಒಪ್ಪಿಗೆ" ಅಂದರೆ ಅಧ್ಯಕ್ಷರು ರುಜು ಹಾಕುತ್ತಾರೆ. ರುಜು ಬಿದ್ದ ಮಾತು ತೀರ್ಮಾನ; ಆಮೇಲೆ ಅದನ್ನು ಅಳಿಸುವುದು ಯಾರಪ್ಪನಿಂದಲೂ ಆಗದು. ಹನ್ನೊಂದು ವರ್ಷದಲ್ಲಿ ಅವಳ ಓದನ್ನು ಯಾರೂ ನಡುವೆ ತಡೆದಿರಲಿಲ್ಲ.

ತಪ್ಪು ಅವಳದೇ. ಚರಂಡಿಯ ಹೂಳು, ಬೀದಿದೀಪ, ಒಡೆದ ಪೈಪು ಎಲ್ಲವನ್ನೂ ಎಂದಿನಂತೆ ಗಡಗಡ ಓದಿ ದಾಟಿದ್ದಳು. ಹದಿನಾಲ್ಕನೆಯ ಸಾಲನ್ನೂ ಹಾಗೆಯೇ ದಾಟಿಸಿಬಿಡಬೇಕೆಂದು ಬಸ್ಸಿನಲ್ಲಿ, ಒಲೆಯ ಮುಂದೆ, ಬಟ್ಟೆ ಹಿಂಡುವಾಗ ತಿಂಗಳಿಡೀ ಅಭ್ಯಾಸ ಮಾಡಿದ್ದಳು. ಆದರೆ ಆ ಸಾಲು ನಾಲಿಗೆಗೆ ಬಂದದ್ದೇ ತಡ, ದನಿ ತನ್ನಷ್ಟಕ್ಕೇ ನಿಧಾನವಾಯಿತು, ಮೆತ್ತಗಾಯಿತು. ಮಗುವಿನ ಕಿವಿಯಲ್ಲಿ ಹೇಳುವ ಹಾಗೆ ಓದಿಬಿಟ್ಟಳು. ಅಧ್ಯಕ್ಷರು ತಲೆ ಎತ್ತಿದರು.

ಈಗ ಮತ್ತೆ ಓದಿದಳು: "ಗೋದಾಮಿನಲ್ಲಿ ನಡೆಯುತ್ತಿರುವ ಶಾಲೆಗೆ ಮುಂದಿನ ಬೇಸಿಗೆ ರಜೆ ಮುಗಿಯುವುದರೊಳಗೆ ಆರು ಕೋಣೆ ಕಟ್ಟಿಸಿಕೊಡುತ್ತೇವೆ ಎಂದು ಅಧ್ಯಕ್ಷರು ತಿಳಿಸಿದರು."

"ನಾನು ಹಾಗಂದ್ನಾ? ಯಾರ್ರೀ ಆ ಪ್ರಶ್ನೆ ಕೇಳಿದ್ದು?"

ಕೇಳಿದ್ದು ಪ್ರಶ್ನೆಪತ್ರಿಕೆ. ಸಭೆಗೆ ಹದಿಮೂರು ಪ್ರಶ್ನೆಗಿಂತ ಕಡಿಮೆ ಕೇಳದ ಆ ಸದಸ್ಯರಿಗೆ ಊರೇ ಇಟ್ಟ ಹೆಸರು ಅದು. ಶಾಲೆಗೆಂದು ತೆಗೆದಿಟ್ಟ ಹಣ ಎಲ್ಲಿ ಹೋಯಿತೆಂದು ಹೋದ ತಿಂಗಳು ಅವರು ಮೇಜು ಕುಟ್ಟಿ ಕೇಳಿದ್ದರು. ಸಭಾಂಗಣದ ದುರಸ್ತಿಗೆ, ಹೊಸ ಕುರ್ಚಿಗಳಿಗೆ ಎಂಬ ಉತ್ತರ ಬಂದಾಗ ಗದ್ದಲವೋ ಗದ್ದಲ. ಅದನ್ನು ಅಡಗಿಸಲೆಂದು ಅಧ್ಯಕ್ಷರು ಬಾಯಿಬಿಟ್ಟು ಅಂದ ಮಾತೇ ಇದು. ಅವಳ ಪೆನ್ನು ಅದನ್ನು ಹಾರಿ ಹಿಡಿದಿತ್ತು.

"ನಾನು ಕೇಳಿದ್ದು ಚೆನ್ನಾಗಿ ನೆನಪಿದೆ" ಎಂದು ಪ್ರಶ್ನೆಪತ್ರಿಕೆ ಹೊಸ ಕುರ್ಚಿಯಲ್ಲಿ ಅತ್ತಿತ್ತ ತಿರುಗಿದರು. "ನೀವೇನಂದ್ರಿ ಅನ್ನೋದು... ಅಷ್ಟೊತ್ತಿಗೆ ನಾನು ಮುಂದಿನ ಪ್ರಶ್ನೆಗೆ ಹೋಗಿದ್ದೆ ಸ್ವಾಮಿ."

"ಉತ್ತರ ಕೇಳಿಸ್ಕೊಳ್ಳೋ ಚಟ ನಿಮಗೆ ಯಾವಾಗಿತ್ತು ಬಿಡಿ" ಎಂದರು ಹಿಂದಿನ ಸಾಲಿನಿಂದ ಯಾರೋ. ಎಲ್ಲರೂ ನಕ್ಕರು. ಬೇರೆ ಯಾರಿಗಾದರೂ ಕೇಳಿಸಿತ್ತೇ ಎಂದು ಅಧ್ಯಕ್ಷರು ಕೇಳಿದ್ದಕ್ಕೆ ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಲ್ಲಮ್ಮ, ಇಷ್ಟು ಜನಕ್ಕೆ ಕೇಳಿಸದೆ ಇದ್ದದ್ದು ನಿಮಗೊಬ್ರಿಗೇ ಹೇಗೆ ಕೇಳಿಸ್ತು?" ಅಧ್ಯಕ್ಷರ ದನಿಯಲ್ಲಿ ಕೋಪವಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಶೀಘ್ರಲಿಪಿಯ ಪುಸ್ತಕ ಬಿಡಿಸಿ ಮುಂದಿಟ್ಟಳು. ಅವರು ಅದನ್ನು ಮೇಲೆ ಕೆಳಗೆ ಮಾಡಿ ನೋಡಿದರು.

"ಕೋಳಿ ಕೆದರಿದ ಹಾಗಿದೆ. ಇದನ್ನ ಓದೋಕೆ ಬರೋರು ಆಫೀಸಲ್ಲಿ ಬೇರೆ ಯಾರಿದಾರೆ?"

"ನಾನೊಬ್ಬಳೇ ಸಾರ್."

ಹೇಗೆ ಕೇಳಿಸಿತೆಂದು ಹೇಳುವುದು? ಎರಡು ವರ್ಷದಿಂದ ಅವಳ ಕಿವಿ ಆ ಒಂದು ಮಾತಿಗೇ ಕಾದು ಕೂತಿತ್ತು. ಗೋದಾಮಿನಲ್ಲಿ ತರಗತಿಗಳ ನಡುವೆ ಗೋಡೆಯಿಲ್ಲ, ತಾಡಪಾಲಿನ ಪರದೆ. ಎರಡನೆಯ ತರಗತಿಯ ಮಗಳು ಮನೆಗೆ ಬಂದು ನಾಲ್ಕನೆಯ ತರಗತಿಯ ಪಾಠ ಒಪ್ಪಿಸುತ್ತಾಳೆ. ನಿನ್ನದು ಹೇಳು ಅಂದರೆ ಕಣ್ಣು ಕಣ್ಣು ಬಿಡುತ್ತಾಳೆ. ಸಭೆಯಿರುವ ದಿನ ಸಂಜೆ ಬಾಗಿಲಲ್ಲೇ ಕೇಳುತ್ತಾಳೆ, "ಅಮ್ಮಾ, ಹೇಳಿದ್ರಾ?" ಹೋದ ತಿಂಗಳು ಮೊದಲ ಸಲ ಅವಳು "ಹೇಳಿದ್ರು ಪುಟ್ಟಿ" ಅಂದಿದ್ದಳು. ಅಂದಿನಿಂದ ಮಗಳಿಗೆ ಒಂದೇ ಚಿಂತೆ: ಹೊಸ ಕೋಣೆಯಲ್ಲಿ ಯಾರ ಪಕ್ಕ ಕೂರುವುದು? ದಿನಕ್ಕೊಬ್ಬ ಗೆಳತಿಗೆ ಜಾಗ ಕೊಟ್ಟು, ಮರುದಿನ ಕಿತ್ತುಕೊಳ್ಳುತ್ತಿದ್ದಳು.

ಇದನ್ನೆಲ್ಲ ಆಡಲು ಆ ಸಭೆಯಲ್ಲಿ ಅವಳಿಗೆ ಹಕ್ಕಿಲ್ಲ. ಅಲ್ಲಿ ಅವಳು ಬರೆಯುವವಳು.

"ತೆಗೆದುಹಾಕಿ" ಎಂದರು ಅಧ್ಯಕ್ಷರು. ಅವಳು ಆ ಸಾಲಿನ ಮೇಲೆ ಗೀಟೆಳೆದಳು. ಅಷ್ಟಕ್ಕೇ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಧ್ಯಕ್ಷರದು ಒಂದಕ್ಕೆರಡು ಸಲ ಬೀಗ ಜಗ್ಗಿ ನೋಡುವ ಸ್ವಭಾವ. "ಈ ಗೀಟು ಏನು ಅಂತ ನಾಳೆ ಯಾರಾದ್ರೂ ಕೇಳ್ತಾರೆ. ತೆಗೆದದ್ದನ್ನೂ ಇವತ್ತಿನ ನಡಾವಳೀಲಿ ಬರ್ಕೊಂಡ್ಬಿಡಿ."

"ಯಾವ ಮಾತು ತೆಗೆದದ್ದು ಅಂತ ಬರೀಲಿ ಸಾರ್?"

"ಅದೇ, ಆ ಶಾಲೆ ಮಾತು."

"ಪೂರ್ತಿ ಮಾತು ಇರಬೇಕಲ್ಲ ಸಾರ್. ನೀವೇ ಹೇಳಿದ್ರೆ ಒಳ್ಳೇದು. ನನ್ನಿಂದ ಮತ್ತೆ ತಪ್ಪಾಗಬಾರದು."

ಅದೂ ಸರಿಯೆನ್ನಿಸಿ ಅಧ್ಯಕ್ಷರು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. "ಗೋದಾಮಿನಲ್ಲಿ ನಡೆಯುತ್ತಿರುವ ಶಾಲೆಗೆ..."

"ಸ್ವಲ್ಪ ನಿಧಾನ ಸಾರ್."

"...ಮುಂದಿನ ಬೇಸಿಗೆ ರಜೆ... ಮುಗಿಯುವುದರೊಳಗೆ... ಆರು ಕೋಣೆ... ಕಟ್ಟಿಸಿಕೊಡುತ್ತೇವೆ."

ಸಭಾಂಗಣ ಸದ್ದಿಲ್ಲದೆ ಕೇಳುತ್ತಿತ್ತು. ಈ ಸಲ ಪ್ರಶ್ನೆಪತ್ರಿಕೆಗೂ ಒಂದಕ್ಷರ ತಪ್ಪದೆ ಕೇಳಿಸಿತು. ಅವಳು ಶೀಘ್ರಲಿಪಿ ಬಿಟ್ಟು, ಯಾರು ಬೇಕಾದರೂ ಓದಬಹುದಾದ ದುಂಡು ಅಕ್ಷರಗಳಲ್ಲಿ ಅಷ್ಟನ್ನೂ ಬರೆದಳು.

"ಹೂಂ, ಮುಂದಕ್ಕೆ ಬರೀರಿ. ಎಂಬ ಮಾತನ್ನು ತೆಗೆದುಹಾಕಲಾಯಿತು" ಎಂದು ಅಧ್ಯಕ್ಷರು ಹೇಳುತ್ತಲೇ ಇದ್ದರು. ಅವಳ ಪೆನ್ನು ಮಾತ್ರ ಮುಂದಕ್ಕೆ ಹೋಗದೆ 'ಕಟ್ಟಿಸಿಕೊಡುತ್ತೇವೆ'ಯ ಕೊನೆಯ ಅಕ್ಷರವನ್ನೇ ಮತ್ತೆ ಮತ್ತೆ ತಿದ್ದುತ್ತ ಕೂತಿತ್ತು.