ನಾನೂರ ಒಂಬತ್ತು

“ಸ್ಕೋರ್ ಬರೆಯೋಳಿಗೆ ನಿಮ್ಮಪ್ಪನ ಮೇಲೆ ಮನಸ್ಸಿತ್ತು ಬಿಡಿ, ಆರ್ವಿಲ್. ಅದಕ್ಕೇ ಕಂಡದ್ದೆಲ್ಲ ಹಿಟ್ ಅಂತ ಬರೆದಿದ್ದಾಳೆ,” ಎಂದಳು ಟ್ರೀನಾ ಮ್ಯಾಡಾಕ್ಸ್, ಡೋನಟ್ ಮುರಿಯುತ್ತ.

ಸಭೆ ಗೊಳ್ಳೆಂದಿತು. ಆರ್ವಿಲ್ ಟ್ಯಾಸ್ಕರ್‌ನ ಕಿವಿ ಕೆಂಪಾಯಿತು.

ಮೂರು ವರ್ಷದಿಂದ ಓಹಾಯೊದ ಆ ಪುಟ್ಟ ಊರು ಒಂದೇ ಪ್ರಶ್ನೆಗೆ ತಲೆ ಕೆಡಿಸಿಕೊಂಡು ಕೂತಿತ್ತು. ಬೇಸ್‌ಬಾಲ್ ಮೈದಾನದ ಹೊಸ ಗೇಟಿಗೆ ಯಾರ ಹೆಸರು? ಎಪ್ಪತ್ತು ವರ್ಷದ ಹಿಂದೆ ಗಿರಣಿ ತಂಡಕ್ಕೆ ಆಡಿದ, ಆರ್ವಿಲ್‌ನ ಅಪ್ಪ ಎಮೆಟ್ ಟ್ಯಾಸ್ಕರ್‌ದೋ, ಮೊನ್ನೆಮೊನ್ನೆ ಆಟ ಬಿಟ್ಟ ಟ್ರೀನಾಳ ತಮ್ಮ ಕೋಡಿಯದೋ?

ಎಮೆಟ್‌ನ ಸರಾಸರಿ 409. ಸಾವಿರ ಸಲ ಬ್ಯಾಟ್ ಹಿಡಿದರೆ ಅಷ್ಟು ಹಿಟ್, ಎಂದರೆ ಫೀಲ್ಡರ್‌ಗಳ ಕೈಗೆ ಸಿಗದ ಹೊಡೆತ. ಕೋಡಿಯದು 372. ಎಮೆಟ್ ಮಗನಿಗೆ ಮನೆ ಬಿಟ್ಟುಹೋಗಲಿಲ್ಲ, ಒಂದು ಒಳ್ಳೆಯ ಮಾತನ್ನೂ ಬಿಟ್ಟುಹೋಗಲಿಲ್ಲ. ಆರ್ವಿಲ್ ಪಾಲಿಗೆ ಉಳಿದದ್ದು ಆ ಅಂಕಿಯೊಂದೇ.

ಆದರೆ ಕಾಲ ಬೇರೆಯಲ್ಲವೇ? ಸಮಿತಿ ರಚನೆಯಾಯಿತು. ಆಗ ಮೈದಾನದ ಬೇಲಿ ಹತ್ತಿರವಿತ್ತೆಂದು ಎಮೆಟ್‌ಗೆ ಒಂಬತ್ತು ಕಳೆದರು. ಹಗಲೆಲ್ಲ ಹಿಟ್ಟಿನ ಮೂಟೆ ಹೊತ್ತು ಬಂದು ಆಡುತ್ತಿದ್ದನೆಂದು ಮೂರು ಕೂಡಿಸಿದರು. ಈಗಿನ ಪಿಚರ್‌ಗಳ ಎಸೆತ ವೇಗವೆಂದು ಕೋಡಿಗೆ ಹದಿನಾರು ಕೊಟ್ಟರು. ಅಂದಿನ ಗಾಳಿಯ ದಿಕ್ಕಿಗೆಂದೇ ಒಂದು ಉಪಸಮಿತಿಯಾಗಿ, ಎಮೆಟ್‌ಗೆ ಇನ್ನೂ ಹದಿನೈದು ಕಳೆಯಿತು. ಎಲ್ಲ ತಿದ್ದುಪಡಿ ಮುಗಿದಾಗ ಇಬ್ಬರೂ 388ಕ್ಕೆ ಬಂದು ನಿಂತರು.

ಆಗ ಆರ್ವಿಲ್ ತನ್ನ ಕೊನೆಯ ಅಸ್ತ್ರ ತೆಗೆದ. ವಾಲ್ಟ್ ಹಾಫ್ನರ್. ಆಗ ಊರಲ್ಲಿದ್ದ ಒಂದೇ ಎದುರಾಳಿ ತಂಡದ ಫೀಲ್ಡರ್. ಗಿರಣಿ ಮುಚ್ಚಿದ ಮೇಲೆ ಊರು ಬಿಟ್ಟುಹೋದವನು. ಫೀಲ್ಡರ್ ಕೈಯಿಂದ ಸುಲಭದ ಚೆಂಡು ಜಾರಿದರೆ ಅದು ಹಿಟ್ ಅಲ್ಲ, ಅವನ ಲೆಕ್ಕಕ್ಕೆ ತಪ್ಪು. ಹಿಟ್ಟೋ ತಪ್ಪೋ, ತೀರ್ಮಾನ ಸ್ಕೋರರ್‌ನ ಪೆನ್ಸಿಲ್‌ದು. ನಾಲ್ಕು ವರ್ಷದ ಪುಸ್ತಕದಲ್ಲಿ ವಾಲ್ಟ್‌ನ ತಪ್ಪು ಒಂದೇ ಒಂದು, ಅದೂ ಮೊದಲ ವಾರದ್ದು. ಎಮೆಟ್‌ನ ಅರ್ಧಕ್ಕರ್ಧ ಹಿಟ್‌ಗಳು ಹೋದದ್ದು ಅವನ ಕಡೆಗೇ. ಅಂಥ ಕೈಯನ್ನು ದಾಟಿಸಿ ಹೊಡೆದವನಿಗೆ ಇಪ್ಪತ್ತಾದರೂ ಕೂಡಿಸಬೇಡವೇ?

ಟ್ರೀನಾ ಚುಚ್ಚಿದ್ದು ಆಗಲೇ. ಆರ್ವಿಲ್ ಅದಕ್ಕೂ ಸಿದ್ಧನಾಗಿದ್ದ. ಪಕ್ಕದ ಜಿಲ್ಲೆಯ ವೃದ್ಧಾಶ್ರಮದಿಂದ ಅಂದು ಸ್ಕೋರ್ ಬರೆದವಳನ್ನೇ ಕರೆತಂದಿದ್ದ. ತೊಂಬತ್ತಮೂರರ ಲೋರೀನ್ ಸ್ಟಕಿ ಗಾಲಿಕುರ್ಚಿಯಲ್ಲಿ ಕೂತು ಕಾಫಿ ಹೀರುತ್ತಿದ್ದಳು.

“ಲೋರೀನಮ್ಮ, ಎಲ್ಲರೆದುರು ಹೇಳಿಬಿಡಿ. ನಮ್ಮಪ್ಪ ಅಂದ್ರೆ ನಿಮಗೆ ಇಷ್ಟ ಇತ್ತಾ?”

“ಎಮೆಟ್ಟಾ? ಥೂ! ಹೊಗೆಸೊಪ್ಪು ಅಗಿದು ನನ್ನ ಬೂಟಿನ ಮೇಲೇ ಉಗೀತಿದ್ದ. ಅವನಿಗೆ ಒಂದು ಹಿಟ್ ಬರೆಯೋಕೂ ಹೊಟ್ಟೆ ಉರೀತಿತ್ತು ನಂಗೆ.”

ಚಪ್ಪಾಳೆ ಬಿತ್ತು. ಟ್ರೀನಾ ಡೋನಟ್ ಕೆಳಗಿಟ್ಟಳು. ಅಧ್ಯಕ್ಷರು ಇಪ್ಪತ್ತು ಕೂಡಿಸಲು ಪೆನ್ನು ತೆರೆದರು. ತನ್ನಪ್ಪನನ್ನು ಯಾರಾದರೂ ಬೈದದ್ದು ಕೇಳಿ ಆರ್ವಿಲ್‌ಗೆ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ. ಅವನು ಅಲ್ಲಿಗೇ ಸುಮ್ಮನಿರಬಹುದಿತ್ತು.

“ಮತ್ತೆ ವಾಲ್ಟ್ ಹಾಫ್ನರ್? ಅವನ ನೆನಪಿದೆಯಾ, ಅಮ್ಮ?”

“ನೆನಪಿಲ್ದೆ ಏನಪ್ಪ, ನನ್ನ ಮೊದಲನೇ ಯಜಮಾನ್ರು,” ಎಂದಳು ಲೋರೀನ್, ಕಣ್ಣೊರೆಸಿಕೊಂಡು. “ಒಂದೇ ಒಂದು ಸಲ ತಪ್ಪು ಅಂತ ಬರೆದಿದ್ದಕ್ಕೆ ಮೂರು ದಿನ ಊಟ ಬಿಟ್ಟು ಕೂತ್ರು, ಪಾಪ. ಆಮೇಲೆ ಅವರ ಕೈಯಿಂದ ಎಷ್ಟು ಚೆಂಡು ಜಾರಿದ್ರೂ, ನಾನು ಹಿಟ್ ಅಂತಲೇ ಬರೆದೆ.”