ಬೇವಿನಗಿಡ ಯಾರು?

ಎರಡನೇ ಸಲ ಬಂದಾಗ ಆದಪ್ಪ ಬಾಗಿಲನ್ನು ತಾನೇ ಎಳೆದು ಮುಚ್ಚಿದ. ಕೂರಲಿಲ್ಲ. ಕಂಪ್ಯೂಟರ್ ಇಟ್ಟಿದ್ದ ಮೇಜನ್ನು ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿದ.

"ವಿಚಾರ ಮಾಡಿದೇನು? ಬೇವಿನಗಿಡ ಅಂದ್ರ ಯಾರು?"

"ಗೊತ್ತಿಲ್ರೀ. ಗೊತ್ತಿದ್ರೂ ಹೇಳೂ ಹಂಗಿಲ್ಲ," ಎಂದ ಗಾಳೆಪ್ಪ. "ಅದು ನಮ್ಮ ಮನಿ ಪದ್ಧತಿ."

"ಪದ್ಧತಿ ಛಲೋ ಐತಿ. ಆದ್ರ ಈ ಖೋಲಿ ಯಾರದು?"

ಖೋಲಿ ಮಾನಪ್ಪ ಸಾಹುಕಾರರದು. ಆದಪ್ಪ ಅವರ ಕ್ರಿಮಿನಾಶಕದ ಅಂಗಡಿಯ ಗುಮಾಸ್ತ. ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಆ ಖೋಲಿಯಲ್ಲಿ ಗಾಳೆಪ್ಪ ಕಂಪ್ಯೂಟರ್ ಕಲಿಸುತ್ತಿದ್ದ. ತೊಂಬತ್ತೆಂಟರ ಮಾತು, ಅಂಥ ಇನ್ನೊಂದು ಖೋಲಿ ಸುಲಭಕ್ಕೆ ಸಿಗುವಂತಿರಲಿಲ್ಲ.

ಗಾಳೆಪ್ಪ 'ಮನಿ' ಎಂದದ್ದು ಕಂಪ್ಯೂಟರಿನೊಳಗಿನ ಹರಟೆಮನೆಯನ್ನು. ಸಿಂಧನೂರಿನಲ್ಲಿ ಅವನದೊಂದು, ಮಸ್ಕಿಯಲ್ಲಿ ಎಸ್‌ಟಿಡಿ ಬೂತಿನ ಖಾದರಬಾಷಾನದೊಂದು, ಲಿಂಗಸುಗೂರಿನಲ್ಲಿ ಟೈಪಿಂಗ್ ಕಲಿಸುವ ಶಾಕೀರಾಳದೊಂದು. ಯಾರು ಬೇಕಾದರೂ ಯಾವ ಮನೆಗಾದರೂ ಬಂದು, ಬಟ್ಟೆಯ ಪರದೆಯ ಹಿಂದೆ ಕುಳಿತು, ತೋಚಿದ ಹೆಸರಿನಲ್ಲಿ ಬರೆಯಬಹುದು. ಭತ್ತದ ರೋಗ, ಕಾಲುವೆ ನೀರಿನ ಸರದಿ, ಬೀಗರ ಮೇಲಿನ ಸಿಟ್ಟು, ಏನಾದರೂ. ಅದನ್ನೆಲ್ಲ ಫ್ಲಾಪಿಗೆ ಇಳಿಸಿ ಕೊಟ್ಟರೆ ಕಂಡಕ್ಟರ್ ಜಂಗ್ಲಿಸಾಬ್ ಉಳಿದೆರಡು ಊರಿಗೆ ಮುಟ್ಟಿಸುತ್ತಿದ್ದ. ಮೂರಕ್ಕೂ ಸೇರಿ ಒಬ್ಬ ಒಡೆಯ ಎಂಬವನಿರಲಿಲ್ಲ. ಯಾವ ಮನೆಯ ರೀತಿ ಸರಿಬರದಿದ್ದರೂ ಉಳಿದವರು ಅದಕ್ಕೆ ಬಾಗಿಲು ಹಾಕಿಕೊಳ್ಳಬಹುದಿತ್ತು. ಮೂರೂ ಒಪ್ಪಿದ ಕಟ್ಟಳೆ ಒಂದೇ: ಬರೆದವರು ಯಾರೆಂದು ಕೇಳಬಾರದು, ಕೇಳಿದರೆ ಹೇಳಬಾರದು.

ಮೊದಮೊದಲು ಪೇಚಾಟವೋ ಪೇಚಾಟ. ಜಂಗ್ಲಿಸಾಬ್ ಫ್ಲಾಪಿಯನ್ನು ಎಂಜಿನ್ನಿನ ಮುಚ್ಚಳದ ಮೇಲಿಟ್ಟು ರೊಟ್ಟಿಯ ಹಾಗೆ ಬೇಯಿಸಿದ. ಒಂದೇ ಪತ್ರ ಮೂರೂರು ಸುತ್ತಿ ಒಂಬತ್ತಾಗಿ ಬಂತು. ಕೊನೆಗೆ ಗಾಳೆಪ್ಪನೇ ಪ್ರತಿ ಪತ್ರದ ತಲೆಯ ಮೇಲೆ ಅದು ಹುಟ್ಟಿದ ಮನೆ, ವಾರ ಎರಡೂ ಬೀಳುವಂತೆ ಮಾಡಿದ. ಈಗ ಆ ಗುರುತೇ ಅವನ ತಲೆ ತಿನ್ನುತ್ತಿತ್ತು.

ಬೇವಿನಗಿಡ ಎಂಬ ಹೆಸರಿನಲ್ಲಿ ಬರುತ್ತಿದ್ದ ಪತ್ರಗಳೆಲ್ಲ ಮಸ್ಕಿಯವು, ಎಲ್ಲವೂ ಮಂಗಳವಾರದವು. ಕೊನೆಯದರಲ್ಲಿ ಹೀಗಿತ್ತು: "ಬಳಗಾನೂರು, ಸಾಲಗುಂದದವರು ಗದ್ದೆಗೆ ಹೊಡೆಯುತ್ತಿರುವ ಔಷಧದ ಡಬ್ಬಿ ಮಾತ್ರ ಅಸಲಿ. ಒಳಗಿನದು ನೀರು. ಅಂಗಡಿ ಯಾವುದೆಂದು ಬೇಗ ಬರೆಯುತ್ತೇನೆ."

ಅಂದಿನಿಂದ ಬಳಗಾನೂರಿನ ಗಿರಿಯಮ್ಮ ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಅಂಗಡಿ ಹೆಸರು ಬಂತೇನಪಾ? ಬೆಳಿಗೆ ಹುಳ ಬಿದ್ದಾವ. ಔಷಧ ಎಲ್ಲಿಂದ ತರ್ಲಿ, ಹೇಳು."

ಅನುಮಾನಂ ಪೆದ್ದ ರೋಗಂ ಎನ್ನುತ್ತಾರೆ. ಗಾಳೆಪ್ಪನಿಗೆ ಅದು ಹತ್ತಿಕೊಂಡಿತು. ಖಾದರಬಾಷಾನ ಬೂತಿನ ಮುಂದೆ ಒಂದು ಬೇವಿನಮರ. ಅವನ ಹೆಂಡತಿಯ ತಮ್ಮ ಮಸ್ಕಿಯಲ್ಲಿ ಹೊಸದಾಗಿ ಔಷಧದ ಅಂಗಡಿ ಹಾಕಿದ್ದಾನೆ. ಮಾನಪ್ಪ ಸಾಹುಕಾರರ ಗಿರಾಕಿ ಒಡೆದರೆ ಲಾಭ ಯಾರಿಗೆ? ಫೋನು ಮಾಡಿ ಕೇಳಿಯೇ ಬಿಟ್ಟ.

"ಕೇಳಬಾರ್ದು ಅಂತ ಬರೆದಾಂವ ನೀನಾ ಅಲ್ಲೇನ್ ಲೇ?" ಖಾದರಬಾಷಾ ನಕ್ಕ. "ಪರದೆ ಹಿಂದ ಯಾರು ಕುಂದ್ರತಾರೋ, ನಾ ಮಾರಿ ಸೈತ ನೋಡಾಂಗಿಲ್ಲ."

ಆ ನಗು ಗಾಳೆಪ್ಪನಿಗೆ ಹಿಡಿಸಲಿಲ್ಲ. ತಪ್ಪಿಲ್ಲದವನು ಯಾಕೆ ನಗಬೇಕು?

ಸಂತೆಬೀದಿಯಲ್ಲಿ ಮಾನಪ್ಪ ಸಾಹುಕಾರರೇ ಎದುರಾದರು. "ಖೋಲಿ ಸೋರತೈತೇನಪಾ? ಹೆಂಚು ಹೊದಿಸ್ತೀನಿ," ಎಂದರು, ಹೋದರು. ಬೇವಿನಗಿಡದ ಸೊಲ್ಲೇ ಇಲ್ಲ. ಎಂಥ ಗಟ್ಟಿ ಕುಳ ಅಂತೀನಿ, ಬೆದರಿಸಲು ಆಳನ್ನು ಕಳಿಸಿ ತಾನು ಹೆಂಚಿನ ಮಾತಾಡುತ್ತಾನೆ ಎಂದುಕೊಂಡ ಗಾಳೆಪ್ಪ.

ಸೋಮವಾರ ಆದಪ್ಪ ಮೂರನೇ ಸಲ ಬಂದ. ಮೇಜು ತಟ್ಟಿದ. ದನಿ ಯಾಕೋ ಇಳಿದಿತ್ತು.

"ನಾಳಿ ಮಾಲು ಮುಟ್ಟಸಾಕ ಹೊಂಟೀನಿ. ಇವತ್ತ ಒಂದು ಇತ್ಯರ್ಥ ಆಗಬೇಕು. ಹೇಳಬಾರ್ದು ಅಂದ್ರ ಹೇಳಬ್ಯಾಡ, ಗಾಳೆಪ್ಪ. ಆದ್ರ ಖೋಲಿ ಹೋದೀತು."

ಗಾಳೆಪ್ಪ ಸುತ್ತ ನೋಡಿದ. ಮೂರು ಕಂಪ್ಯೂಟರ್, ಹದಿನಾರು ಮಂದಿ ಕಲಿಯುವವರು, ಗೋಡೆಗೆ ತಾನೇ ಬಳಿದ ಸುಣ್ಣ. ಇದನ್ನೆಲ್ಲ ಬೀದಿಗೆ ಹಾಕಿಕೊಂಡು ಕೂರಲೇ?

"ಮಸ್ಕಿ ಖಾದರಬಾಷಾ," ಎಂದ.

ಆದಪ್ಪ ಅವನ ಮುಖ ನೋಡಿದ. "ಖಾತ್ರಿ ಏನು?"

"ಅವನ ಬೂತಿನ ಮುಂದ ಬೇವಿನಗಿಡ ಐತ್ರೀ."

"ಆತು ಬಿಡು." ಆದಪ್ಪ ಬೈಯಲಿಲ್ಲ, ಶಹಬ್ಬಾಸ್ ಅನ್ನಲೂ ಇಲ್ಲ. ಬಾಗಿಲು ತೆರೆದಿಟ್ಟೇ ಹೋದ.

ಎರಡು ದಿನ ಗಾಳೆಪ್ಪನಿಗೆ ಅನ್ನ ಸೇರಲಿಲ್ಲ. ಬುಧವಾರ ಜಂಗ್ಲಿಸಾಬ್ ಫ್ಲಾಪಿ ತಂದಾಗ ಮೊದಲು ಕೇಳಿದ್ದೇ, "ಖಾದರಬಾಷಾ ಹೆಂಗದಾನ?"

"ಅವಗೇನಾಗೈತಿ? ಈಗಿನ್ನ ಚಾ ಕುಡಿಸಿ ಕಳಿಸ್ಯಾನ."

ಸದ್ಯ, ಬದುಕಿದೆ ಎನಿಸಿತು ಗಾಳೆಪ್ಪನಿಗೆ. ಫ್ಲಾಪಿ ಹಾಕಿದ. ಬೇವಿನಗಿಡದ ಪತ್ರ. ಮಸ್ಕಿ, ಮಂಗಳವಾರ. ಲಿಂಗಸುಗೂರಿಗೂ ಇದೇ ಹೋಗಿರುತ್ತದೆ. ಬಾಗಿಲಲ್ಲಿದ್ದ ಗಿರಿಯಮ್ಮ ಒಳಗೆ ಬಂದಳು. "ಬಂದೈತೇನು? ಜೋರಾಗಿ ಓದಪಾ."

ಅವನು ಜೋರಾಗಿಯೇ ಓದತೊಡಗಿದ.

"ಅಂಗಡಿ ಮಾನಪ್ಪ ಸಾಹುಕಾರರದು. ಅಲ್ಲಿ ಔಷಧ ಕೊಳ್ಳಬೇಡಿ. ಇದು ನನ್ನ ಕೊನೆಯ ಪತ್ರ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಡುತ್ತಿದ್ದೇನೆ. ಆ ಅಂಗಡಿಯಲ್ಲೇ ಕೆಲಸಕ್ಕಿದ್ದು ಅಲ್ಲಿ ನಡೆಯುವುದನ್ನೆಲ್ಲ ನಿಮಗೆ ತಿಳಿಸುತ್ತ ಇರಬಹುದಿತ್ತು, ಹರಟೆಮನೆಗಳು ಗಟ್ಟಿ ಇದ್ದಿದ್ದರೆ. ಗಡಿಗೆ ಕೊಳ್ಳುವವರು ತಟ್ಟಿ ನೋಡುತ್ತಾರಲ್ಲ, ನಾನೂ ನೋಡಿದೆ."

ಮುಂದಿನ ಸಾಲಿಗೆ ಗಾಳೆಪ್ಪನ ದನಿ ನಿಂತಿತು. "ಓದು, ಓದು," ಎಂದಳು ಗಿರಿಯಮ್ಮ.

"ಸಿಂಧನೂರಿನ ಗಾಳೆಪ್ಪನ ಮೇಜು ಮೂರು ಸಲ ತಟ್ಟಿ, ಬೇವಿನಗಿಡ ಯಾರೆಂದು ಅವನೆದುರಿಗೆ ನಿಂತು ನಾನೇ ಕೇಳಿದೆ, ಖಾದರಬಾಷಾ ಎಂದ."